ಮೂಳೆಯ ನಂಬರೇ ಬೇರೆ, ಹುರಿಯ ನಂಬರೇ ಬೇರೆ

ಶಿರಸಿ ಕಡೆ ಫಿಸಿಯೋಥೆರಪಿ ಮಾಡುವವರಿಗೆ ಬೆನ್ನುಹುರಿಯ ಪಾಠ ಸಿಗುವುದು ಅಡಿಕೆ ತೋಟದಿಂದ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯಲು ಮರ ಹತ್ತುತ್ತಾರೆ, ಆಮೇಲೆ ಅಡಿಕೆ ಗೊನೆ ಕೊಯ್ಯಲು ಹತ್ತುತ್ತಾರೆ. ಜಾರಿ ಕೆಳಗೆ ಕುಕ್ಕರಿಸಿದಂತೆ ಬಿದ್ದರೆ ಪೆಟ್ಟು ಸೊಂಟದ ಮೇಲ್ತುದಿಗೆ ತಾಗುತ್ತದೆ. ಪಕ್ಕೆಲುಬಿನ ಬಿಗಿ ಮುಗಿದು ಸೊಂಟದ ಸಡಿಲ ಶುರುವಾಗುವ ಜಾಗ ಅದು. ಹಾಗಾಗಿ ಟಿ12 (ಎದೆಭಾಗದ ಕೊನೆಯ ಮಣಿ), ಎಲ್1 (ಸೊಂಟದ ಮೊದಲ ಮಣಿ) ಇವೇ ಜಾಸ್ತಿ ಒಡೆಯುತ್ತವೆ.

ಆಪರೇಷನ್ ಹುಬ್ಬಳ್ಳಿಯಲ್ಲೋ ಮಣಿಪಾಲದಲ್ಲೋ ಆಗಿರುತ್ತದೆ. ನನ್ನ ಹತ್ತಿರ ಬರುವಾಗ ಫೈಲಿನಲ್ಲಿ 'ಎಲ್1 ಫ್ರ್ಯಾಕ್ಚರ್' ಅಂತ ಇರುತ್ತದೆ. ಓದಿ ಪಕ್ಕಕ್ಕಿಡುತ್ತೇನೆ. ಅದು ಮೂಳೆಯ ನಂಬರು. ನನಗೆ ಬೇಕಾದದ್ದು ಹುರಿಯದ್ದು.

ಬೆನ್ನುಹುರಿ ಬೆನ್ನುಮೂಳೆಯಷ್ಟು ಉದ್ದ ಇಲ್ಲ. ದೊಡ್ಡವರಲ್ಲಿ ಸುಮಾರು 45 ಸೆಂಟಿಮೀಟರ್, ಅಷ್ಟೇ. ಹೆಚ್ಚಿನವರಲ್ಲಿ ಎಲ್1, ಎಲ್2 ಹತ್ತಿರ ಮುಗಿದೇಹೋಗುತ್ತದೆ. ಗರ್ಭದಲ್ಲಿ ಮೊದಮೊದಲು ಎರಡೂ ಒಂದೇ ಉದ್ದ. ಆಮೇಲೆ ಮೂಳೆ ಬೇಗ ಬೆಳೆದು ಹುರಿಯನ್ನು ಹಿಂದೆ ಹಾಕುತ್ತದೆ. ಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ, ಆ ನರಗಳ ನಂಬರೇ ಹುರಿಯ ಭಾಗಗಳ ನಂಬರು. ಕುತ್ತಿಗೆಯಲ್ಲಿ ಮೂಳೆಯ ಮತ್ತು ಹುರಿಯ ನಂಬರುಗಳು ಹೆಚ್ಚುಕಡಿಮೆ ತಾಳೆಯಾಗುತ್ತವೆ, ಕೆಳಗೆ ಹೋದಷ್ಟೂ ತಪ್ಪುತ್ತವೆ. ಕಾಲಿನ ಶಕ್ತಿಗೆ ಬೇಕಾದ ಹುರಿಯ ಭಾಗ ಟಿ11, ಟಿ12 ಮಣಿಗಳ ಆಸುಪಾಸಿನಲ್ಲೇ ಇದೆ. ಎಲ್1 ಮಣಿಯ ಒಳಗಿರುವುದು ಹುರಿಯ ತುದಿ, ಸೇಕ್ರಲ್ (ಎಸ್) ಭಾಗ. ಮಲಮೂತ್ರದ ಹಿಡಿತ ಅದರದ್ದು. ಅಲ್ಲಿಂದ ಕೆಳಗೆ ಕುದುರೆಬಾಲದ ಹಾಗೆ ಇಳಿಬಿದ್ದ ನರಗಳು ಮಾತ್ರ.

ಹೀಗಾಗಿ ಎಲ್1 ಒಡೆದ ಕೆಲವರು ಬಂದ ದಿನವೇ ಕಾಲು ಆಡಿಸಿ ತೋರಿಸುತ್ತಾರೆ. ಮನೆಯವರಿಗೆ ಸಮಾಧಾನ. ನಾನು ಕೇಳುವುದು ಬೇರೆ: ಮೂತ್ರದ ಟ್ಯೂಬ್ ಸ್ವಲ್ಪ ಎಳೆದರೆ ಗೊತ್ತಾಗ್ತದಾ?

ನನ್ನ ಸಾಮಾನು ಹತ್ತಿ ಮತ್ತು ಹೊಸ ಪಿನ್ನು. ಕಣ್ಣು ಮುಚ್ಚಿಸಿ, ಮೊದಲು ಕೆನ್ನೆಗೆ ಮುಟ್ಟಿಸಿ 'ಇದು ಸರಿಯಾದದ್ದು' ಅಂತ ತೋರಿಸುತ್ತೇನೆ. ಆಮೇಲೆ ಎದೆಯಿಂದ ಇಳಿಯುತ್ತೇನೆ. ಇಲ್ಲಿ ನಂಬರು ಹುರಿಯದ್ದು: ಮೊಲೆತೊಟ್ಟು ಟಿ4, ಹೊಕ್ಕುಳು ಟಿ10, ತೊಡೆಸಂದು ಟಿ12. ಪಾದದ ಒಳಗಿಣ್ಣು ಎಲ್4, ಪಾದದ ಮೇಲ್ಭಾಗ ಎಲ್5, ಹಿಮ್ಮಡಿಯ ಹೊರಬದಿ ಎಸ್1. ಕೊನೆಗೆ ಮಲದ್ವಾರದ ಸುತ್ತ. ನಾಚಿಕೆಯಿಂದ ಸುಮಾರು ಜನ ಇದನ್ನು ಬಿಟ್ಟುಬಿಡುತ್ತಾರೆ, ಬಿಡಲೇಬಾರದು. ಅಲ್ಲಿ ಮುಟ್ಟಿದ್ದು ಗೊತ್ತಾದರೆ ಹುರಿಗೆ ಪೂರ್ತಿ ಪೆಟ್ಟಾಗಿಲ್ಲ ಅಂತ ಅರ್ಥ. ಆಗ ಆಸೆ ಇಟ್ಟುಕೊಳ್ಳಬಹುದು.

ಹತ್ತಿ ಯಾಕೆ, ಪಿನ್ನೇ ಸಾಕಲ್ವಾ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಸಾಲದು. ನೋವಿನ ದಾರಿ ಹುರಿಗೆ ಬಂದ ಒಂದೆರಡು ಹೆಜ್ಜೆಯಲ್ಲೇ ಆಚೆ ಬದಿಗೆ ದಾಟುತ್ತದೆ. ನವಿರು ಸ್ಪರ್ಶದ ಮುಖ್ಯ ದಾರಿ ಅದೇ ಬದಿಯಲ್ಲಿ ಮೇಲೇರಿ, ಮೆದುಳಿನ ಬುಡದಲ್ಲಿ ದಾಟುತ್ತದೆ. ಹುರಿಯ ಬಲಬದಿಯ ಅರ್ಧಕ್ಕೆ ಮಾತ್ರ ಪೆಟ್ಟಾದರೆ ಬಲಗಾಲಿಗೆ ಶಕ್ತಿ ಇರುವುದಿಲ್ಲ, ಪಿನ್ನು ಚುಚ್ಚಿದ್ದು ಗೊತ್ತಾಗದಿರುವುದು ಎಡಗಾಲಿಗೆ! ಮೊದಲ ಸಲ ನೋಡಿದವರು ರೋಗಿಯೇ ನಾಟಕ ಮಾಡ್ತಿದ್ದಾನೆ ಅಂದುಕೊಳ್ಳುತ್ತಾರೆ.

ಇನ್ನೊಂದು ಗೊಂದಲ ಕಾಲು ತಾನಾಗಿ ಹಾರುವುದು. ಪೆಟ್ಟು ಮೇಲೆ, ಟಿ8 ಹತ್ತಿರ ಆಗಿದ್ದರೆ ಮೊದಲ ಕೆಲವು ವಾರ ಕಾಲು ಮೆತ್ತಗಿರುತ್ತದೆ. ಆಮೇಲೆ ಬಿಗಿಯಾಗಿ, ಮುಟ್ಟಿದರೆ ಸೆಟೆಯುತ್ತದೆ. 'ಕಾಲು ಆಡ್ತಾ ಉಂಟು' ಅಂತ ಫೋನು ಬರುತ್ತದೆ. ಕೆಳಗಿನ ಹುರಿ ಬದುಕಿದೆ, ಮೆದುಳಿನ ಮಾತು ಅಲ್ಲಿಗೆ ತಲುಪುತ್ತಿಲ್ಲ, ಅಷ್ಟೇ. ಇದನ್ನು ಫೋನಿನಲ್ಲಿ ಹೇಳುವುದು ಕಷ್ಟ, ಮನೆಗೇ ಹೋಗುತ್ತೇನೆ. ಅವರಿಗೆ ದಿನಾ ಸ್ಟ್ರೆಚಿಂಗ್ ಬೇಕು. ಎಲ್2 ಮಣಿಯಿಂದ ಕೆಳಗೆ, ಆ ಇಳಿಬಿದ್ದ ನರಗಳಿಗೆ ಪೆಟ್ಟಾದವರ ಕಾಲು ಮೆತ್ತಗೇ ಉಳಿದು ಸೊರಗುತ್ತದೆ. ಅವರ ಪಾದ ಜೋತುಬೀಳದಂತೆ ಮೊದಲು ಸ್ಪ್ಲಿಂಟ್ ಕಟ್ಟುತ್ತೇನೆ.