ಋತಂಭರಾ: ಈ ಹೆಸರನ್ನು ನಾನು ಬಿಡಿಸಿಕೊಂಡ ಬಗೆ

ಅಪರೂಪದ ಹೆಸರು ಎದುರಾದಾಗ ನಾನು ಮೊದಲು ನೋಡುವುದು ಅರ್ಥವನ್ನಲ್ಲ, ಅಕ್ಷರಗಳನ್ನು. ಋತಂಭರಾ ಎಂಬುದನ್ನು ರುತಂಬರ, ರಿತಾಂಬರ ಎಂದೆಲ್ಲ ಬರೆಯುವುದುಂಟು. ನಿಘಂಟಿನಲ್ಲಿ ರಕಾರದಡಿ ಹುಡುಕಿದರೆ ಇದು ಸಿಗದು. ಸ್ವರಗಳ ಸಾಲಿನಲ್ಲಿ, ಊಕಾರ ಮುಗಿದ ಮೇಲೆ ನೋಡಬೇಕು. ಪಕ್ಕದಲ್ಲೇ ಇರುವ ‘ಋತು’ವಿಗೆ ಕೈಹಾಕದೆ ‘ಋತ’ದಲ್ಲಿ ನಿಲ್ಲಬೇಕು.

ಕಿವಿಗೆ ‘ಅಂಬರ’ ಕೇಳಿಸುತ್ತದೆ, ಹಾಗಾಗಿ ಋತ + ಅಂಬರ ಎಂದು ಬಿಡಿಸುವ ಆಸೆಯಾಗುತ್ತದೆ. ಆಗ ಸವರ್ಣದೀರ್ಘಸಂಧಿಯಾಗಿ ‘ಋತಾಂಬರ’ ಆಗಬೇಕಿತ್ತು. ಇಲ್ಲಿ ತಕಾರಕ್ಕೆ ದೀರ್ಘವಿಲ್ಲ. ಮುಂದಿರುವುದೂ ಬ ಅಲ್ಲ, ಭ. ಉಳಿಯುವುದು ಋತ + ಭರ. ಭೃ ಧಾತುವಿಗೆ ಹೊರು, ತಾಳು, ಪೊರೆ ಎಂಬ ಅರ್ಥಗಳಿವೆ. ನಡುವಿನ ಸೊನ್ನೆ ಹೇಗೆ ಬಂತೆಂದು ತಿಳಿಯಲು ‘ವಿಶ್ವಂಭರ’ವನ್ನು ಪಕ್ಕದಲ್ಲಿಟ್ಟುಕೊಂಡೆ. ಎರಡರದೂ ಒಂದೇ ಕಟ್ಟು: ಪಾಣಿನಿಯ ವ್ಯಾಕರಣದ 3.2.46ನೇ ಸೂತ್ರದಿಂದ ಭೃ ಧಾತುವಿಗೆ ‘ಖಚ್’ ಎಂಬ ಪ್ರತ್ಯಯ ಸೇರಿ ‘ಭರ’, 6.3.67ರಿಂದ ಪೂರ್ವಪದಕ್ಕೆ ಮಕಾರ; ಅದೇ ಈ ಸೊನ್ನೆ. ಋತವನ್ನು ಹೊತ್ತವಳು ಎಂದಾಯಿತು.

ಋತವೆಂದರೆ ಸತ್ಯ ಎಂದು ಅಷ್ಟಕ್ಕೇ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಋಗ್ವೇದದ 10.190ನೇ ಸೂಕ್ತ ‘ಋತಂ ಚ ಸತ್ಯಂ ಚ’ ಎಂದು ಎರಡನ್ನೂ ಬೇರೆಬೇರೆಯಾಗಿ ಹೆಸರಿಸಿಯೇ ಶುರುವಾಗುತ್ತದೆ. ಜಗತ್ತು ತಪ್ಪದೆ ನಡೆಯುವ ಕ್ರಮ ಋತ. ಹೆಸರಿನ ಆಕರ ಪತಂಜಲಿಯ ಯೋಗಸೂತ್ರ 1.48: ‘ಋತಂಭರಾ ತತ್ರ ಪ್ರಜ್ಞಾ.’ ಇದೊಂದನ್ನೇ ಓದಿದರೆ ‘ತತ್ರ’, ಅಂದರೆ ‘ಅಲ್ಲಿ’, ಎಂದದ್ದು ಎಲ್ಲಿಯೆಂದು ತಿಳಿಯದು. ಹಿಂದಿನ ಸೂತ್ರದಲ್ಲಿ ನಿರ್ವಿಚಾರ ಸಮಾಪತ್ತಿ, ಅಂದರೆ ವಿಚಾರವೂ ಅಡಗಿದ ಧ್ಯಾನದ ತಲ್ಲೀನತೆ, ತಿಳಿಯಾಗುತ್ತದೆ; ಆ ತಿಳಿಯಲ್ಲಿ ಮೂಡುವ ಅರಿವು ಇದು. ಕೇಳಿ ತಿಳಿದದ್ದು, ಊಹಿಸಿ ತಿಳಿದದ್ದು ಇದಕ್ಕಿಂತ ಬೇರೆ ಎಂದು 1.49 ಹೇಳುತ್ತದೆ. ಯೋಗಸೂತ್ರದ ಹಳೆಯ ವ್ಯಾಖ್ಯಾನವಾದ ವ್ಯಾಸಭಾಷ್ಯ ಇದನ್ನು ಅನ್ವರ್ಥನಾಮ ಎನ್ನುತ್ತದೆ. ‘ಪ್ರಜ್ಞಾ’ ಸ್ತ್ರೀಲಿಂಗವಾದ್ದರಿಂದ ಕೊನೆಯಲ್ಲಿ ದೀರ್ಘ. ಕನ್ನಡದ ಜಾಯಮಾನಕ್ಕೆ ‘ಋತಂಭರೆ’ಯೂ ಸರಿ, ನನಗಂತೂ ಅದೇ ಹಿತ.

ಉಚ್ಚಾರಣೆಗೆ ಲಘು-ಗುರು ಹಾಕಿಕೊಂಡರೆ ಸುಲಭ: ಋ ಲಘು, ತಂ ಗುರು, ಭ ಲಘು, ರಾ ಗುರು, ಒಟ್ಟು 6 ಮಾತ್ರೆ. ಋಕಾರವನ್ನು ಕನ್ನಡಿಗರು ‘ರು’ವಿನತ್ತ, ಹಿಂದಿಯವರು ‘ರಿ’ಯತ್ತ ಒಯ್ಯುತ್ತಾರೆ, ಎರಡನ್ನೂ ತಡೆದುಕೊಳ್ಳಬಹುದು, ‘ರೂ’ ಎಂದು ಎಳೆಯುವುದನ್ನಲ್ಲ. ಭಕಾರ ಪವರ್ಗದ್ದು, ಆದ್ದರಿಂದ ಅನುಸ್ವಾರ ಮಕಾರವಾಗುತ್ತದೆ: ‘ತಮ್’ ಎಂದು ತುಟಿ ಮುಚ್ಚಿ, ಉಸಿರು ಸೇರಿಸಿ ‘ಭ’ ಎಂದು ಬಿಡಿ.

ಇಂಗ್ಲಿಷಿನಲ್ಲಿ ಬರೆಯುವಾಗ ಬಿ ಆದ ಮೇಲಿನ ಎಚ್ ಬಿಡಬೇಡಿ. ಬಿಟ್ಟರೆ ಅಂಬರ ಮತ್ತೆ ಒಳಗೆ ಬರುತ್ತದೆ. ನಾವು ತಕಾರಕ್ಕೆ ಟಿ ಜೊತೆ ಎಚ್ ಹಾಕುವುದು ರೂಢಿ, ಆದರೆ ಹಿಂದಿ ಬಲ್ಲವರು ಅದನ್ನು ಥ ಎಂದು ಓದುತ್ತಾರೆ. ಕನ್ನಡದಲ್ಲಿ ಟೈಪ್ ಮಾಡುವಾಗಿನ ತೊಡಕು ಬೇರೆ: ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಬಿದ್ದರೆ ಕಣ್ಣಿಗೆ ಗೊತ್ತಾಗುವುದೇ ಇಲ್ಲ, ಕಂಪ್ಯೂಟರಿಗೆ ಮಾತ್ರ ಅದು ಬೇರೆಯೇ ಹೆಸರು. ಕಡತದಲ್ಲಿ ಹೆಸರು ಕಾಣುತ್ತಿದ್ದರೂ ಹುಡುಕಿದಾಗ ಸಿಗದಿದ್ದರೆ ಮೊದಲು ಆ ಸೊನ್ನೆಯನ್ನು ಅಳಿಸಿ ಮತ್ತೆ ಟೈಪ್ ಮಾಡಿ.