ಬೆನ್ನು ತಿರುಗಿಸುವ ಆ ಒಂದು ಸೆಕೆಂಡು

ನಾನು ಟೆಕ್ಸಾಸ್‌ನಲ್ಲಿ ಬೇಸಿಗೆ ರಜೆಯಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಕ್ವಾರ್ಟರ್‌ಬ್ಯಾಕ್ ಹುಡುಗರಿಗೆ, ಅಂದರೆ ತಂಡದ ಆಟ ನಡೆಸುತ್ತಾ ಚೆಂಡು ಎಸೆಯುವವರಿಗೆ, ಅಭ್ಯಾಸ ಮಾಡಿಸುತ್ತೇನೆ. ಒಂದು ಸಲ ಏರ್ ರೇಡ್, ಅಂದರೆ ಹೆಚ್ಚಾಗಿ ಚೆಂಡು ಎಸೆದೇ ಮುಂದೆ ಸಾಗುವ ಶೈಲಿ, ಆಡುವ ಕಾಲೇಜಿನಿಂದ ಬೇರೆ ಕಾಲೇಜಿಗೆ ಹೋಗುತ್ತಿದ್ದ ಹುಡುಗನೊಬ್ಬ ಬಂದ. ತೋಳಿನ ಶಕ್ತಿ ನೋಡಿ ಖುಷಿಯಾಯಿತು. ಆದರೆ ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರು ಮಾಡುವ ಸೆಂಟರ್‌ನ ಬೆನ್ನಿಗೇ ನಿಂತು ಚೆಂಡು ತೆಗೆದುಕೊಂಡು ಹಿಂದೆ ಹೆಜ್ಜೆ ಇಡು ಅಂದರೆ ಕಾಲಿಗೆ ಕಾಲು ತೊಡರಿಕೊಳ್ಳುತ್ತಿತ್ತು. ಮೂರು ವರ್ಷ ಅವನು ಶಾಟ್‌ಗನ್‌ನಲ್ಲಿ, ಅಂದರೆ ಸೆಂಟರ್‌ಗಿಂತ ಸುಮಾರು ಐದು ಗಜ ಹಿಂದೆ ನಿಂತೇ ಆಡಿದ್ದ.

ಇದಕ್ಕೆ ಸುಮ್ನೆ ಕಾಲೇಜನ್ನು ಬೈಯುವವರು ಜಾಸ್ತಿ. ನಾನು ಒಪ್ಪುವುದಿಲ್ಲ. ಸೀಸನ್‌ನಲ್ಲಿ ಕಾಲೇಜು ಹುಡುಗರಿಗೆ ವಾರಕ್ಕೆ 20 ಗಂಟೆ ಮಾತ್ರ ಅಭ್ಯಾಸ ಅಂತ ನಿಯಮ ಇದೆ. ಏರ್ ರೇಡ್ ಹುಟ್ಟುಹಾಕಿದ ಕೋಚ್‌ಗಳಾದ ಹಾಲ್ ಮಮ್ಮಿ, ಮೈಕ್ ಲೀಚ್ ಐಯೋವಾ ವೆಸ್ಲಿಯನ್ ಕಾಲೇಜಿನಲ್ಲಿ ಕೆಲವೇ ಪ್ಲೇ (ಮೊದಲೇ ಹೊಂದಿಸಿದ ಆಟದ ಯೋಜನೆ) ಇಟ್ಟುಕೊಂಡು ಅದನ್ನೇ ಮತ್ತೆ ಮತ್ತೆ ಮಾಡಿಸಿದರು. ಅಷ್ಟು ಸಮಯದಲ್ಲಿ ಅದೇ ಸರಿ. ಕಾಲೇಜು ಮೈದಾನವೇ ಬೇರೆ, ಅಲ್ವಾ? ಆಟ ಶುರುವಿಗೆ ಚೆಂಡು ಇಡುವ ಮಿತಿ ತೋರಿಸುವ ಹ್ಯಾಶ್ ಗೆರೆಗಳ ನಡುವೆ ಅಲ್ಲಿ 40 ಅಡಿ, ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ. ಚೆಂಡು ಒಂದು ಬದಿಯ ಗೆರೆಯ ಮೇಲಿದ್ದರೆ ಇನ್ನೊಂದು ಬದಿ ಪೂರ್ತಿ ಬಯಲು, ಹಾಗಾಗಿ ಆಟಗಾರರನ್ನು ಹರಡಿ ನಿಲ್ಲಿಸುವುದು ಅಲ್ಲಿ ಲಾಭ.

ಕಷ್ಟ ಕಾಣಿಸಿದ್ದು ಕಣ್ಣಿನಲ್ಲಿ. ಶಾಟ್‌ಗನ್‌ನಲ್ಲಿ ಎದುರಾಳಿ ಸೇಫ್ಟಿಗಳು, ಅಂದರೆ ಹಿಂಭಾಗ ಕಾಯುವ ರಕ್ಷಕರು, ಸದಾ ಕಣ್ಣೆದುರೇ ಇರುತ್ತಾರೆ. ಸೆಂಟರ್ ಬೆನ್ನಿಗೆ ನಿಂತು ಪ್ಲೇ-ಆ್ಯಕ್ಷನ್ ಮಾಡುವಾಗ, ರನ್ನಿಂಗ್ ಬ್ಯಾಕ್‌ಗೆ ಚೆಂಡು ಕೊಟ್ಟ ಹಾಗೆ ನಟಿಸಲು, ಅವರಿಗೆ ಬೆನ್ನು ತೋರಿಸಲೇಬೇಕು. ಆ ಒಂದು ಸೆಕೆಂಡಿನಲ್ಲಿ ಅವರು ಜಾಗ ಬದಲಿಸಿಬಿಟ್ಟಿರುತ್ತಾರೆ.

ಅದಕ್ಕೆ ನಾನೇ ಸೇಫ್ಟಿ ಆಗಿ ಹದಿನೈದು ಗಜ ದೂರ ನಿಂತೆ, ಹೆಗಲ ಮೇಲೆ ಹಳದಿ ಟವೆಲ್ ಹಾಕಿಕೊಂಡು. ಅವನು ಬೆನ್ನು ತಿರುಗಿಸಿದ ಕೂಡಲೇ ನಾನು ಎಡಕ್ಕೋ, ಬಲಕ್ಕೋ, ಹಿಂದಕ್ಕೋ ಓಡುತ್ತಿದ್ದೆ. ತಿರುಗಿದ ತಕ್ಷಣ ನಾನು ಎಲ್ಲಿದ್ದೇನೆ ಅಂತ ಅವನು ಕೂಗಿ ಹೇಳಬೇಕು, ಆಮೇಲೇ ಎಸೆತ. ಮೊದಲ ವಾರ ಅವನು ಟವೆಲ್ ಹುಡುಕುವಷ್ಟರಲ್ಲಿ ಎಸೆಯುವ ಹೊತ್ತು ಮೀರಿರುತ್ತಿತ್ತು. ರಾತ್ರಿ ಫೋನಿನಲ್ಲಿ ಉದ್ದುದ್ದ ಪ್ಲೇ ಹೆಸರುಗಳನ್ನು ಒಂದೇ ಉಸಿರಿಗೆ ಹೇಳಿಸುತ್ತಿದ್ದೆ, ಯಾಕಂದ್ರೆ ಹಳೇ ತಂಡದಲ್ಲಿ ಎಲ್ಲರೂ ಮೈದಾನದ ಅಂಚಿನಿಂದ ಬರುವ ಸಂಜ್ಞೆ ನೋಡಿಯೇ ಆಡುತ್ತಿದ್ದರು, ಹಡಲ್‌ನಲ್ಲಿ, ಅಂದರೆ ಆಟಕ್ಕೆ ಮುಂಚೆ ಸೇರುವ ಗುಂಪಿನಲ್ಲಿ, ನಿಂತು ಹತ್ತು ಜನರಿಗೆ ಪ್ಲೇ ಹೇಳಿದ ಅಭ್ಯಾಸವೇ ಅವನಿಗಿರಲಿಲ್ಲ.

ಬೇಸರ ಮಾಡಿಕೊಂಡಾಗ ಎನ್‌ಎಫ್‌ಎಲ್ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್ ಕಥೆ ಹೇಳಿದೆ. ಗಾಫ್ ಕಾಲೇಜಿನಲ್ಲಿ ಆಡಿದ್ದೂ ಇದೇ ಏರ್ ರೇಡ್ ಬಗೆಯ ಆಟ. 2016ರಲ್ಲಿ, ಎನ್‌ಎಫ್‌ಎಲ್ ತಂಡಗಳು ಕಾಲೇಜು ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಮೊದಲನೆಯವರಾಗಿ ಬಂದು, ಆ ವರ್ಷ ಶುರುವಿನಿಂದ ಕಣಕ್ಕಿಳಿದ ಏಳೂ ಪಂದ್ಯ ಸೋತರು. ಮರುವರ್ಷ ಶಾನ್ ಮೆಕ್‌ವೇ ಕೋಚ್ ಆಗಿ ಬಂದರು, ತಂಡ 11 ಪಂದ್ಯ ಗೆದ್ದಿತು. ಪ್ಯಾಟ್ರಿಕ್ ಮಹೋಮ್ಸ್ ಕೂಡ ಟೆಕ್ಸಾಸ್ ಟೆಕ್‌ನ ಏರ್ ರೇಡ್‌ನಿಂದಲೇ ಬಂದವರು. ಮೊದಲ ವರ್ಷ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್ ಹಿಂದೆ ಕಾದು ಕಲಿತರು, 2018ರಲ್ಲಿ 50 ಟಚ್‌ಡೌನ್ ಪಾಸ್, ಅಂದರೆ ಅಂಕ ತಂದ ಎಸೆತ. ಕಲಿಯಲು ಒಂದು ವರ್ಷ ಸಿಗುವುದು ಎಷ್ಟು ದೊಡ್ಡದು ನೋಡಿ. ನಮಗಿದ್ದದ್ದು ಆರು ವಾರ.

ಐದನೇ ವಾರ ಒಂದು ಸಂಜೆ ಅವನು ಸ್ನ್ಯಾಪ್‌ಗೆ, ಅಂದರೆ ಚೆಂಡು ಕೈಗೆ ಬರುವುದಕ್ಕೆ, ಮುಂಚೆ ನನ್ನನ್ನೇ ಎರಡು ಸಲ ನೋಡಿದ. ತಿರುಗಿದವನು ಟವೆಲ್ ಹುಡುಕಲೇ ಇಲ್ಲ, "ಬಲಕ್ಕೆ" ಅಂತ ಕೂಗಿ ಎಡಗಡೆ ಎಸೆದ. ಹೇಗೆ ಗೊತ್ತಾಯ್ತು ಅಂತ ಕೇಳಿದೆ.

"ಕೋಚ್, ಭಾರ ಪೂರ್ತಿ ಎಡಗಾಲಿನ ಮೇಲೆ ಹಾಕಿ ನಿಂತಿದ್ರಿ" ಅಂದ.