ಜಪಾನೀಸ್ ಓದು ಮುಂದಕ್ಕೆ ಹೋಗ್ತಿಲ್ವಾ? 1853ರಿಂದ ಶುರು ಮಾಡಿ

ಜಪಾನೀಸ್ ಭಾಷಾ ಪರೀಕ್ಷೆಯ (ಜೆಎಲ್‌ಪಿಟಿ) ಎನ್4, ಅಂದರೆ ಕೆಳಗಿನಿಂದ ಎರಡನೇ ಮಟ್ಟ, ಮುಗಿಸಿದ ಮೇಲೆ ಬಹಳ ಜನ ಅಲ್ಲೇ ನಿಂತುಬಿಡುತ್ತಾರೆ. ಅಂಗಡಿ, ಸ್ಟೇಷನ್, ಮಳೆ-ಬಿಸಿಲಿನ ಮಾತು ಬರುತ್ತದೆ. ಒಂದು ಪುಟ ಗದ್ಯ ಕೊಟ್ಟರೆ ಮಾತ್ರ ಕೈಕಾಲು ಆಡುವುದಿಲ್ಲ. ಅಂಥವರಿಗೆ ನನ್ನ ಸಲಹೆ: ಜಪಾನಿನ ಇತಿಹಾಸವನ್ನು ಜಪಾನೀಸಿನಲ್ಲೇ ಓದಿ.

ಮೊದಲು ಚಿಕ್ಕದೊಂದು ಕಾಲ ಆರಿಸಿ. ಸಮುರಾಯ್‌ಗಳಿಂದ ಹಿಡಿದು ಎಲ್ಲಕ್ಕೂ ಕೈ ಹಾಕಬೇಡಿ. 1853ರಿಂದ 1868 ಸಾಕು. ಅಮೆರಿಕದ ನೌಕಾಪಡೆಯ ಅಧಿಕಾರಿ ಪೆರಿ ನಾಲ್ಕು ಹಡಗು ತಂದು ಉರಗದ ಎದುರು ನಿಂತಿದ್ದು, ಮರುವರ್ಷದ ಒಪ್ಪಂದ, 1867ರಲ್ಲಿ ದೇಶ ಆಳುತ್ತಿದ್ದ ಸೇನಾಧಿಪತಿ, ಅಂದರೆ ಶೋಗುನ್, ತನ್ನ ಅಧಿಕಾರವನ್ನು ಚಕ್ರವರ್ತಿಗೆ ಒಪ್ಪಿಸಿದ್ದು, ಆಮೇಲೆ ಮೇಜಿ ಕಾಲ, ಅಂದರೆ ಮೇಜಿ ಚಕ್ರವರ್ತಿಯ ಆಳ್ವಿಕೆ. ಬೋರ್ ಹೊಡೆಯಲ್ಲ. (ಉರಗ ಅನ್ನುವುದು ಊರಿನ ಹೆಸರು, ಹಾವಲ್ಲ. ನಮಗಂತೂ ಮರೆಯುವ ಹಾಗಿಲ್ಲ!) ಈ ಕತೆಯನ್ನು ಮೊದಲೇ ಕನ್ನಡದಲ್ಲೋ ಇಂಗ್ಲಿಷಲ್ಲೋ ತಿಳಿದುಕೊಂಡರೆ ತಪ್ಪೇನಿಲ್ಲ. ಮುಂದೇನಾಗುತ್ತದೆ ಅಂತ ಗೊತ್ತಿದ್ದಾಗ ಹೊಸ ಪದದ ಅರ್ಥ ತಾನೇ ಹೊಳೆಯುತ್ತದೆ.

ಜಪಾನಿನ ಮಕ್ಕಳು ಆರನೇ ತರಗತಿಯಲ್ಲಿ ದೇಶದ ಇತಿಹಾಸ ಓದುತ್ತಾರೆ. ಆ ಮಟ್ಟದ ಪುಸ್ತಕ ಹಿಡಿಯಿರಿ. ಕಾಂಜಿಯ (ಚೀನೀ ಮೂಲದ ಅಕ್ಷರ) ಪಕ್ಕ ಫುರಿಗಾನ, ಅಂದರೆ ಉಚ್ಚಾರ ತಿಳಿಸುವ ಚಿಕ್ಕ ಅಕ್ಷರ, ಇರಲೇಬೇಕು. ಹೆಸರು ಓದುವಾಗ ಜಪಾನೀಯರೇ ಎಡವುತ್ತಾರೆ.

ಇನ್ನು ಓದುವ ರೀತಿ. ಇಲ್ಲಿ ಇಂಗ್ಲಿಷನ್ನು ಬದಿಗಿಡಿ. 'ಪೆರಿ ಗ ಉರಗ ನಿ ಕಿತ ತೊಶಿ' ಅನ್ನುವುದನ್ನು ನೋಡಿ. 'ಪೆರಿ ಉರಗಕ್ಕೆ ಬಂದ ವರ್ಷ'. ಒಂದು ಪದವೂ ಜಾಗ ಬಿಟ್ಟು ಕದಲಲಿಲ್ಲ, ಅಲ್ವಾ? ನಾಮಪದಕ್ಕೆ ಮೊದಲೇ ಉದ್ದುದ್ದ ವಿವರ ಪೋಣಿಸುವುದು ಇತಿಹಾಸದ ಗದ್ಯದ ಚಾಳಿ. ಇಂಗ್ಲಿಷಿಗೆ ತಿರುಗಿಸಿಕೊಳ್ಳುವವರು ವಾಕ್ಯದ ಕೊನೆಗೆ ಹೋಗಿ ಹಿಂದಕ್ಕೆ ಬರಬೇಕು. ನೀವು ಎಡದಿಂದ ಬಲಕ್ಕೆ ಸುಮ್ನೆ ಓದಿಕೊಂಡು ಹೋಗಿ. ತೊಡಕಾಗುವುದು ಕರ್ಮಣಿ ಪ್ರಯೋಗ. 'ತತೆರರೆತ' (ಕಟ್ಟಲ್ಪಟ್ಟಿತು), 'ಹಿರಕರೆತ' (ತೆರೆಯಲ್ಪಟ್ಟಿತು) ಅಂತ ಸಾಲುಸಾಲಾಗಿ ಬರುತ್ತವೆ. 'ಕಟ್ಟಲ್ಪಟ್ಟಿತು' ಅಂತ ನಾವು ಮಾತಲ್ಲಿ ಹೇಳುವುದಿಲ್ಲ, ಅವರ ಪಠ್ಯದಲ್ಲಿ ಅದೇ ಸಹಜ. ಸಿಕ್ಕಲ್ಲೆಲ್ಲ ಪೆನ್ಸಿಲ್ ಗೆರೆ ಎಳೆಯಿರಿ.

ಪದಗಳನ್ನು ಗುಂಪಾಗಿ ಬರೆದುಕೊಳ್ಳಿ. 'ಬಕುಫು' ಶೋಗುನ್ ಸರ್ಕಾರ, 'ಬಕುಮಾತ್ಸು' ಅದರ ಕೊನೆಗಾಲ, 'ತೋಬಕು' ಅದನ್ನು ಉರುಳಿಸುವುದು. ಮೂರರಲ್ಲೂ 'ಬಕು' ಅನ್ನುವ ಕಾಂಜಿ ಒಂದೇ, ಮೂರು ಪದ ಕೈಗೆ ಬಂತು.

ಎಲ್ಲಕ್ಕಿಂತ ಜಾಸ್ತಿ ಲಾಭ ಕೊಡುವುದು 'ನೆನ್‌ಪ್ಯೋ', ಅಂದರೆ ಇಸವಿಗಳ ಪಟ್ಟಿ. ಅದರಲ್ಲಿ '1853, ಪೆರಿ ರೈಕೋ' (ಪೆರಿ ಹಡಗಿನಲ್ಲಿ ಆಗಮನ) ಅಂತ ಕ್ರಿಯಾಪದ ಇಲ್ಲದ ತುಂಡುಗಳಿರುತ್ತವೆ. ನಾಲ್ಕೈದು ತುಂಡು ಹಾಳೆಯ ಎಡಕ್ಕೆ ಬರೆಯಿರಿ. ಬಲಕ್ಕೆ ಪೂರ್ತಿ ವಾಕ್ಯ ಮಾಡಿ: '1853 ನೆನ್ ನಿ ಪೆರಿ ಗ ಉರಗ ನಿ ಕಿತ'. ಆಮೇಲೆ 'ಸೊನೊ ಕೆಕ್ಕ', ಅಂದರೆ ಅದರ ಫಲವಾಗಿ, 'ಶಿಕಶಿ', ಅಂದರೆ ಆದರೆ, ಇವನ್ನು ಹಾಕಿ ವಾಕ್ಯಗಳನ್ನು ಬೆಸೆಯಿರಿ. ಎಲ್ಲಿ 'ಶಿಕಶಿ' ಹಾಕಬೇಕು ಅಂತ ಯೋಚಿಸುವಾಗಲೇ ಘಟನೆಗಳ ಕಾರಣವೂ ತಲೆಗೆ ಹೋಗುತ್ತದೆ. ಮುಂದಿನ ಮಟ್ಟಗಳಾದ ಎನ್3, ಎನ್2 ಓದಿನ ಪ್ರಶ್ನೆಗಳಲ್ಲೂ ಇಂಥ ಪದಗಳು ಕೆಲಸಕ್ಕೆ ಬರುತ್ತವೆ. ಕೊನೆಗೆ ಹಾಳೆ ಮುಚ್ಚಿ, ಅಷ್ಟನ್ನೂ ಬಾಯಲ್ಲಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ.

ಒಂದು ಎಚ್ಚರಿಕೆ. ಐತಿಹಾಸಿಕ ಧಾರಾವಾಹಿಯ ಹಳೆಗಾಲದ ಮಾತು 'ದೆ ಗೊಜಾರು' ಕಲಿತು ಆಫೀಸಿನಲ್ಲಿ ಆಡಬೇಡಿ, ನಗುತ್ತಾರೆ.

ಮಕ್ಕಳ ಪುಸ್ತಕ ಸಲೀಸಾದಾಗ ಜಪಾನೀಸ್ ವಿಕಿಪೀಡಿಯಕ್ಕೆ ಹೋಗಿ, ಮೊದಲ ಪ್ಯಾರಾ ಮಾತ್ರ ಓದಿ. ಅಲ್ಲಿ ಮಾತಿನ 'ದೆಸು' ಬದಲು ಅದೇ ಅರ್ಥದ ಬರಹದ ರೂಪ 'ದೆ ಅರು' ಇರುತ್ತದೆ. ಇಸವಿ ಮೇಜಿ ಲೆಕ್ಕದಲ್ಲಿದ್ದರೆ, ಅಂದರೆ ಮೇಜಿ ಕಾಲದ ಇಷ್ಟನೇ ವರ್ಷ ಅಂತಿದ್ದರೆ, 1867 ಕೂಡಿಸಿ. ಮೇಜಿ 22, ಅಂದರೆ 1889, ಜಪಾನಿಗೆ ಸಂವಿಧಾನ ಬಂದ ವರ್ಷ. ನಿಮ್ಮ ಪಟ್ಟಿಯನ್ನು ಅಲ್ಲಿವರೆಗೆ ಎಳೆಯಬಹುದು.